‘ಒಂದು ಇಂಚು’ ಅಂದ್ರೆ ಯಾವ ಒಂದು ಇಂಚು? ನಾಲ್ಕು ಅಡಿ ಅಕ್ವೇರಿಯಂಗೆ ಪೈಪ್ ಹಾಕಿದ ಕತೆ

ಎಪ್ರಿಲ್‌ನಲ್ಲಿ ಶುರು ಮಾಡಿದ ಕೆಲಸ ಆಗಸ್ಟ್ 4ಕ್ಕೆ ಮುಗಿಯಿತು. ಮೂರು ವಾರದ ಕೆಲಸಕ್ಕೆ ಮೂರೂವರೆ ತಿಂಗಳು ಹಿಡಿಯಿತು. ನಡುವೆ ಇಪ್ಪತ್ತು ಸಿಗಡಿಗಳು ಸತ್ತವು. ಒಂದು ರಾತ್ರಿ ಚಾವಡಿಯ ನೆಲದ ಮೇಲೆ ನೀರು ನಿಂತಿತು. ಯಾವ ಪೈಪ್, ಯಾವ ವಾಲ್ವ್ ತರಬೇಕು ಅನ್ನುವುದನ್ನು ನಾನು ಸರಿಯಾಗಿ ಆರಿಸದೇ ಇದ್ದದ್ದರಿಂದಲೇ ಇದರಲ್ಲಿ ಹೆಚ್ಚಿನದು ಆದದ್ದು. ಹಾಗಾಗಿ ಡೈರಿಯಲ್ಲಿ ಬರೆದಿಟ್ಟದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಮನೆ ಬಾಯಾರು ಕಡೆ, ಕಾಸರಗೋಡು ಜಿಲ್ಲೆ. ಮನೆಗೆ ನೀರು ಸುರಂಗದಿಂದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದಿಂದ, ಬರುತ್ತದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡದಿಂದ ಜಿನುಗುವ ನೀರು ಇದು. ಕುಡಿಯಲು ಬಹಳ ಒಳ್ಳೆಯದು, ಸೋಪು ಹಾಕಿದರೆ ನೊರೆ ತುಂಬಾ ಬರುತ್ತದೆ. ಅಂದರೆ ತೀರಾ ಮೆದು ನೀರು. ಟೆಸ್ಟ್ ಕಿಟ್‌ನಲ್ಲಿ ನೋಡಿದಾಗ ಪಿಎಚ್ 6.2, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರಿನಲ್ಲಿ 40. ಈ ಎರಡು ಅಂಕಿಗಳನ್ನು ಬರೆದಿಟ್ಟೆ, ಆದರೆ ಪೈಪ್ ಸಾಮಾನು ತರುವಾಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೇಲಿನ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಗಾಜು 10 ಮಿಮೀ. ಅಂಚಿನಿಂದ 4 ಸೆಂಮೀ ಕೆಳಗೆ ನೀರು ನಿಂತರೆ ಸುಮಾರು 215 ಲೀಟರ್ ಹಿಡಿಯುತ್ತದೆ. ಅದರೊಳಗೆ ಆರು ಮಿಸ್ ಕೇರಳ ಮೀನು, ಸಾಕಿದ ಮರಿಗಳು. ಪಶ್ಚಿಮಘಟ್ಟದ ಹೊಳೆಗಳ ಮೀನು ಅದು, ಹರಿಯುವ ನೀರು ಬೇಕು. ಅದಕ್ಕೇ ತೂಗುಹಾಕುವ ಸಣ್ಣ ಫಿಲ್ಟರ್ ಬಿಟ್ಟು, ಸ್ಟ್ಯಾಂಡಿನ ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ಫಿಲ್ಟರ್ ಮಾಡಲು ಹೊರಟದ್ದು. ಮೇಲಿನಿಂದ ನೀರು ತಾನಾಗಿ ಇಳಿಯಬೇಕು, ಕೆಳಗಿನಿಂದ ಪಂಪ್ ಮೇಲೆ ತಳ್ಳಬೇಕು. ಕೆಳಗಿನ ತೊಟ್ಟಿ ಎರಡೂವರೆ ಅಡಿ ಉದ್ದ, ಮೂರು ಕೋಣೆ: ಮೊದಲನೆಯದರಲ್ಲಿ ಸ್ಪಂಜು ಮತ್ತು ಒಡೆದ ಹೆಂಚಿನ ಚೂರು, ನಡುವಿನದರಲ್ಲಿ ಗಿಡ ಮತ್ತು ಚೆರಿ ಸಿಗಡಿ, ಕೊನೆಯದರಲ್ಲಿ ಪಂಪ್.

ಎಪ್ರಿಲ್ 20: ಗಾಜಿಗೆ ತೂತು

ನೀರು ಇಳಿಯಲು ಹಿಂದಿನ ಗಾಜಿಗೆ ಎರಡು ತೂತು. ಒಂದು ಮುಖ್ಯ ದಾರಿ, ಇನ್ನೊಂದು ಅದು ಕಟ್ಟಿಕೊಂಡರೆ ಇರಲಿ ಅಂತ. ಮೊದಲು ತೂತಿಗೆ ಪೈಪ್ ಕೂಡಿಸುವ ಟ್ಯಾಂಕ್ ಕನೆಕ್ಟರ್ ತಂದು ಅದರ ತ್ರೆಡ್ (ತಿರುಪಿನ ಭಾಗ) ಅಳೆದೆ. ‘ಒಂದು ಇಂಚಿನ’ ಕನೆಕ್ಟರಿನ ತ್ರೆಡ್ ಹೊರಗಿನಿಂದ 41.8 ಮಿಮೀ ಇತ್ತು. ಹಾಗಾಗಿ 45 ಮಿಮೀ ಡೈಮಂಡ್ ಬಿಟ್, 380 ರೂಪಾಯಿ. ಕನೆಕ್ಟರ್ ಕೈಯಲ್ಲಿ ಹಿಡಿಯದೆ ಬಿಟ್ ತರಬೇಡಿ.

ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ ತೂತು ಮಾಡಲು ಆಗುವುದಿಲ್ಲ, ಪೂರ್ತಿ ಪುಡಿಯಾಗುತ್ತದೆ. ನನ್ನದು ಸಾದಾ ಗಾಜು ಅಂತ ತೊಟ್ಟಿ ಮಾಡಿದವರ ಹತ್ತಿರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅವರಿಂದಲೇ ಒಂದು ಅಡಿಯ 10 ಮಿಮೀ ತುಂಡು ತಂದು ಮೊದಲು ಅದರಲ್ಲಿ ನೋಡಿದೆ. ಆ ತುಂಡು ಒಡೆಯಿತು. ಕೊನೆಗೆ ಬರುವಾಗ ಬೇಗ ಮುಗಿಯಲಿ ಅಂತ ಡ್ರಿಲ್ ಒತ್ತಿದ್ದೆ.

ನಿಜವಾದ ತೊಟ್ಟಿಯನ್ನು ಹಿಂದಿನ ಗಾಜು ಮೇಲೆ ಬರುವ ಹಾಗೆ ಹಾಸಿಗೆಯ ಮೇಲೆ ಮಲಗಿಸಿದೆ. ತೂತಿನ ಜಾಗದ ಸುತ್ತ ಗೋಧಿ ಹಿಟ್ಟಿನ ಕಣಕದಿಂದ ಬಳೆಯ ಹಾಗೆ ಕಟ್ಟೆ ಕಟ್ಟಿ, ಒಳಗೆ ನೀರು ತುಂಬಿಸಿದೆ. ಗಾಜಿನ ಹಿಂಬದಿಗೆ ಅಗಲದ ಟೇಪ್. ಡ್ರಿಲ್ ಅತಿ ನಿಧಾನ, ಅದರ ಭಾರವೇ ಸಾಕು, ಕೈ ಒತ್ತಲಿಲ್ಲ. ಮೊದಲು ಬಿಟ್ ಸ್ವಲ್ಪ ಓರೆ ಹಿಡಿದು ಗುರುತು ಮಾಡಿಕೊಂಡು ಆಮೇಲೆ ನೆಟ್ಟಗೆ. ನೀರು ಹಾಲಿನ ಹಾಗೆ ಬೆಳ್ಳಗಾದಾಗಲೆಲ್ಲ ಬಟ್ಟೆಯಲ್ಲಿ ಹೀರಿ ಹೊಸ ನೀರು. ಒಂದೊಂದು ತೂತಿಗೆ 25 ನಿಮಿಷ. ತೂತಿನ ನಡುಬಿಂದು ಮೇಲಿನ ಅಂಚಿನಿಂದ 9 ಸೆಂಮೀ. ತೂತಿಗೂ ಗಾಜಿನ ಅಂಚಿಗೂ ನಡುವೆ ಕಡಿಮೆಯೆಂದರೆ ತೂತಿನ ಅಗಲದಷ್ಟಾದರೂ ಗಾಜು ಉಳಿಯಬೇಕು.

ತೂತುಗಳ ಮುಂದೆ ಒಳಗಡೆ 30 ಸೆಂಮೀ ಉದ್ದ, 10 ಸೆಂಮೀ ಅಗಲದ ಗಾಜಿನ ಪೆಟ್ಟಿಗೆ ಅಂಟಿಸಿದೆ. ನೀರು ಇದರ ಅಂಚು ದಾಟಿ ಬೀಳಬೇಕು. ಸಿಲಿಕೋನ್ ವಿನೆಗರ್ ವಾಸನೆ ಬರುವ ಸಾದಾ ಜಾತಿಯದು, 250 ರೂಪಾಯಿ. ಬಾತ್‌ರೂಮಿಗೆ ಅಂತ ಮಾರುವ ಬೂಷ್ಟು ನಿರೋಧಕ ಸಿಲಿಕೋನಿನಲ್ಲಿ ವಿಷದ ಅಂಶ ಇರುತ್ತದೆ, ಅದು ಬೇಡ. ಒಂದು ವಾರ ಮುಟ್ಟದೆ ಬಿಟ್ಟೆ.

ಎಪ್ರಿಲ್ 28: ಮೊದಲ ಪೈಪ್, ಮೊದಲ ಸೋರಿಕೆ

ತೋಟಕ್ಕೆ ಹಾಕಿ ಉಳಿದ ಹೊಸ ಬೂದು ಪಿವಿಸಿ ಪೈಪ್ ಅಟ್ಟದಲ್ಲಿತ್ತು. ನಮ್ಮಲ್ಲಿ ಎಲ್ಲರೂ ಒಂದು ಇಂಚು ಅಂತಲೇ ಕರೆಯುವ ಪೈಪ್. ಕನೆಕ್ಟರ್, ಎಲ್ಬೋ (ತಿರುವಿನ ತುಂಡು), ಯೂನಿಯನ್ (ಬಿಚ್ಚಿ ಹಾಕಬಹುದಾದ ಜೋಡಣೆ) ಎಲ್ಲ ಉಪ್ಪಳದಿಂದ ಬಿಳಿ ಯುಪಿವಿಸಿಯದ್ದು, ಅದೂ ಒಂದು ಇಂಚು. ಪೈಪನ್ನು ಎಲ್ಬೋ ಒಳಗೆ ತೂರಿಸಿದರೆ ಸಲೀಸಾಗಿ ಹೋಯಿತು. ಸ್ವಲ್ಪ ಅಲ್ಲಾಡುತ್ತಿತ್ತು. ಪೈಪ್ ಕೂಡಿಸಲು ಹಚ್ಚುವ ಸಾಲ್ವೆಂಟ್ ಜಾಸ್ತಿ ಹಾಕಿದರೆ ಕೂರುತ್ತದೆ ಅಂದುಕೊಂಡೆ.

ಮರುದಿನ ನೀರು ಬಿಟ್ಟೆ. ಮೂರು ಎಲ್ಬೋಗಳಲ್ಲಿ ಹನಿ. ಒಂದರ ಕೆಳಗೆ ಲೋಟ ಇಟ್ಟು ಗಡಿಯಾರ ನೋಡಿದೆ: 11 ಸೆಕೆಂಡಿಗೊಂದು ಹನಿ. ಒಣಗಿಸಿ ಮೇಲಿನಿಂದ ಮತ್ತೆ ಸಾಲ್ವೆಂಟ್ ಬಳಿದೆ, ಎಂ-ಸೀಲ್ ಮೆತ್ತಿದೆ. ಹನಿ 40 ಸೆಕೆಂಡಿಗೊಂದಕ್ಕೆ ಬಂತು, ನಿಲ್ಲಲಿಲ್ಲ.

ಪಕ್ಕದ ಮನೆಗೆ ಕೆಲಸಕ್ಕೆ ಬಂದಿದ್ದ ಪ್ಲಂಬರ್ ಅಣ್ಣನನ್ನು ಕರೆದು ತೋರಿಸಿದೆ. ಅವರು ಪೈಪ್ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ಕೇಳಿದ್ದು ಒಂದೇ ಮಾತು: “ಒಂದು ಇಂಚು ಅಂದ್ರೆ ಯಾವ ಒಂದು ಇಂಚು ಮಾರಾಯ್ರೆ?”

ಈ ಪ್ರಶ್ನೆ ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಅವರು ಹೋದ ಮೇಲೆ ಮನೆಯಲ್ಲಿದ್ದ ಎಲ್ಲ ತುಂಡುಗಳನ್ನೂ ವರ್ನಿಯರ್‌ನಲ್ಲಿ ಅಳೆದೆ. ತೋಟದ ಬೂದು ಪಿವಿಸಿಯ ‘ಒಂದು ಇಂಚು’ ಅಂದರೆ ಹೊರಗಿನ ಅಳತೆ 32 ಮಿಮೀ. ಬಿಳಿ ಯುಪಿವಿಸಿ ಶೆಡ್ಯೂಲ್ 40ರ (ಶೆಡ್ಯೂಲ್ ಅಂದರೆ ಗೋಡೆ ದಪ್ಪದ ದರ್ಜೆ) ಒಂದು ಇಂಚು 33.4 ಮಿಮೀ. ಬಿಸಿನೀರಿಗೆ ಹಾಕುವ ಹಳದಿ ಬಣ್ಣದ ಸಿಪಿವಿಸಿಯ ಒಂದು ಇಂಚು 28.6 ಮಿಮೀ. ಮೂರೂ ಒಂದು ಇಂಚೇ! ಮುಕ್ಕಾಲು ಇಂಚಿನಲ್ಲೂ ಇದೇ ಕತೆ: 25, 26.7, 22.2. ತೋಟದ ಪೈಪಿಗೆ ಭಾರತದ ಮಾನದಂಡ ಐಎಸ್‌ 4985ರ ಅಳತೆ, ಬಿಳಿ ಪೈಪಿಗೆ ಅಮೆರಿಕದ ಎಎಸ್‌ಟಿಎಂ ಅಳತೆ, ಸಿಪಿವಿಸಿಗೆ ತಾಮ್ರದ ಪೈಪಿನ ಹಳೆಯ ಅಳತೆ. ಪೈಪ್ ಮೈಮೇಲೆ ಸಾಲಾಗಿ ಅಚ್ಚು ಹಾಕಿರುತ್ತಾರೆ, ನಾವು ಓದುವುದಿಲ್ಲ.

32ರ ಪೈಪ್ 33.4ರ ಎಲ್ಬೋ ಒಳಗೆ ಹೋದರೆ ಸುತ್ತ ಮುಕ್ಕಾಲು ಮಿಮೀ ಸಂದು. ಸಾಲ್ವೆಂಟ್ ಅಂಟು ಅಲ್ಲ. ಅದು ಎರಡೂ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದನ್ನೊಂದು ಬೆಸೆಯುತ್ತದೆ. ಒಂದಕ್ಕೊಂದು ತಾಗದ ಜಾಗವನ್ನು ಬೆಸೆಯುವುದು ಹೇಗೆ? ಎಷ್ಟು ಹಚ್ಚಿದರೂ ಅಷ್ಟೇ.

ಎಲ್ಲ ಕತ್ತರಿಸಿ ತೆಗೆದೆ. 260 ರೂಪಾಯಿಯ ಫಿಟ್ಟಿಂಗ್ ಹೋಯಿತು.

ಮೇ 4: ಒಂದೇ ಜಾತಿ

ಇನ್ನು ಎಲ್ಲವೂ ಒಂದೇ ಜಾತಿ ಅಂತ ನಿಶ್ಚಯ ಮಾಡಿದೆ. ತೋಟದ 32 ಮಿಮೀ ಪಿವಿಸಿಯಲ್ಲೇ ಪೂರ್ತಿ ಮಾಡಬಹುದಿತ್ತು, ಅದು ಅಗ್ಗ, ಒಳಗಿನ ಜಾಗವೂ ಜಾಸ್ತಿ. ನಾನು ಯುಪಿವಿಸಿ ಆರಿಸಿದ್ದು ಮೂರು ಕಾರಣಕ್ಕೆ. ಕನೆಕ್ಟರ್ ಆಗಲೇ ಆ ಜಾತಿಯದ್ದು, ತೂತು ಅದರ ಅಳತೆಗೆ ಬಿದ್ದಿತ್ತು. ಗೋಡೆ ದಪ್ಪ. ಯೂನಿಯನ್ ಮತ್ತು ನಯವಾಗಿ ತಿರುಗುವ ಬಾಲ್ ವಾಲ್ವ್ ಸುಲಭವಾಗಿ ಸಿಗುತ್ತದೆ.

ಸಿಪಿವಿಸಿ ಬೇಡ ಅಂದದ್ದು ಯಾಕೆಂದರೆ ಒಂದು ಇಂಚಿನದರ ಒಳಗಿನ ಅಗಲ 23 ಮಿಮೀ ಮಾತ್ರ, ಯುಪಿವಿಸಿಯಲ್ಲಿ 26 ದಾಟುತ್ತದೆ. ಬಿಸಿನೀರು ತಡೆಯುವ ಗುಣಕ್ಕೆ ದುಡ್ಡು ಕೊಡಬೇಕು, ಮೀನಿನ ತೊಟ್ಟಿಗೆ ಅದು ಬೇಕಾಗಿಲ್ಲ. ಮತ್ತೆ ಅದರ ತ್ರೆಡ್ ಇರುವ ಫಿಟ್ಟಿಂಗ್‌ಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಹಿತ್ತಾಳೆಯ ಉಂಗುರ. ಇದು ಆಗ ನನಗೆ ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಪಿವಿಸಿ ಪೈಪಿನಲ್ಲಿ ಸೀಸ ಇರಬಾರದು ಅಂತ 2021ರಲ್ಲಿ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಲೆಡ್ ಫ್ರೀ ಅಂತ ಅಚ್ಚು ಇರುವುದನ್ನೇ ಕೇಳಿ ತಂದೆ. ಅಟ್ಟದಲ್ಲಿ ಹಳೆಯ ಪೈಪ್ ಇದ್ದರೆ ಮೀನಿಗೆ ಬಳಸದೆ ತೋಟಕ್ಕೇ ಬಿಡುವುದು ಒಳ್ಳೆಯದು.

ಜೋಡಿಸಿದ ಕ್ರಮ: ಹ್ಯಾಕ್ಸಾದಲ್ಲಿ ನೇರ ಕೊಯ್ದು, ಒಳಗಿನ ಸಿಬಿರು ಚಾಕುವಿನಲ್ಲಿ ಕೆರೆದು, ಮರಳು ಕಾಗದ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಕಡೆ ತೆಳುವಾಗಿ ಸಾಲ್ವೆಂಟ್, ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಗಿ ಹಿಡಿದದ್ದು. ಹಿಡಿಯದಿದ್ದರೆ ಪೈಪ್ ತಾನೇ ಸ್ವಲ್ಪ ಹೊರಗೆ ಬರುತ್ತದೆ. 24 ಗಂಟೆ ಬಿಟ್ಟು, ಮೂರು ಸಲ ನೀರು ಹರಿಸಿ ಚೆಲ್ಲಿದೆ.

ಟ್ಯಾಂಕ್ ಕನೆಕ್ಟರಿನ ರಬ್ಬರ್ ವಾಷರ್ ನೀರಿನ ಕಡೆ, ಅಗಲ ತಲೆಯ ಅಡಿಗೆ. ನಟ್ ಕೈಯಲ್ಲಿ ಬಿಗಿ ಮಾಡಿ ಮತ್ತೆ ಕಾಲು ಸುತ್ತು ಅಷ್ಟೇ. ಸ್ಪ್ಯಾನರ್ ಹಾಕಿದರೆ ಗಾಜು ಬಿರಿಯಬಹುದು. ಟೆಫ್ಲಾನ್ ಟೇಪನ್ನು, ತ್ರೆಡ್‌ನ ತುದಿ ನಮ್ಮ ಕಡೆ ಇದ್ದಾಗ ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸುತ್ತಬೇಕು. ಒಂದಕ್ಕೆ ಉಲ್ಟಾ ಸುತ್ತಿದ್ದೆ, ತಿರುಗಿಸುವಾಗ ಬಿಚ್ಚಿ ಬಂತು.

ನೀರು ಮೇಲೆ ಹೋಗುವ ದಾರಿ ಮೊದಲು ಅರ್ಧ ಇಂಚು ಹಾಕಿದ್ದೆ. ಪಂಪ್ ಪೆಟ್ಟಿಗೆಯ ಮೇಲೆ ಗಂಟೆಗೆ 3,000 ಲೀಟರ್ ಅಂತ ಇದೆ. ಪೈಪಿನ ಬಾಯಿಗೆ ಬಕೆಟ್ ಹಿಡಿದು ನೋಡಿದರೆ 20 ಲೀಟರ್ ತುಂಬಲು 72 ಸೆಕೆಂಡ್, ಅಂದರೆ ಗಂಟೆಗೆ 1,000. ಮುಕ್ಕಾಲು ಇಂಚಿಗೆ ಬದಲಿಸಿ, 90 ಡಿಗ್ರಿ ಎಲ್ಬೋ ಮೂರರ ಜಾಗದಲ್ಲಿ 45 ಡಿಗ್ರಿಯವು ಎರಡು ಹಾಕಿದ ಮೇಲೆ 48 ಸೆಕೆಂಡ್. ಗಂಟೆಗೆ 1,500. ಅದೇ ಪಂಪ್, ಅದೇ ಎತ್ತರ. ನನಗೆ ಬೇಕಾದದ್ದು ಇಷ್ಟೇ, ಗಂಟೆಗೆ ಏಳು ಸಲ ನೀರು ಸುತ್ತುತ್ತದೆ. ಪಂಪಿಗೂ ಪೈಪಿಗೂ ನಡುವೆ ಒಂದು ಅಡಿ ಮೆತ್ತನೆಯ ಹೋಸ್ ಹಾಕಿದ್ದರಿಂದ ಗುಂಯ್ ಅನ್ನುವ ಸದ್ದು ಸ್ಟ್ಯಾಂಡಿಗೆ ಇಳಿಯುವುದಿಲ್ಲ.

ಮೇ 12: ಗುಳುಗುಳು ಸದ್ದು, ಹಿತ್ತಾಳೆ ವಾಲ್ವ್

ಸೋರಿಕೆ ನಿಂತಿತು. ಆದರೆ ನೀರು ಇಳಿಯುವ ಪೈಪ್ ಗಾಳಿ ಸೇರಿಸಿಕೊಂಡು ಗುಳುಗುಳು ಅನ್ನುತ್ತಿತ್ತು. ಅಮ್ಮನ ಕೋಣೆ ಪಕ್ಕದಲ್ಲೇ ಇದೆ, ರಾತ್ರಿ ನಿದ್ದೆ ಬರುವುದಿಲ್ಲ ಅಂದರು. ಇದಕ್ಕೆ ಉಪಾಯ ಇದೆ: ಇಳಿಯುವ ಪೈಪಿಗೆ ಕೆಳಗೆ ಒಂದು ವಾಲ್ವ್ ಹಾಕಿ ಸ್ವಲ್ಪ ಮುಚ್ಚಬೇಕು. ಆಗ ಪೈಪ್ ಪೂರ್ತಿ ನೀರು ತುಂಬಿ, ಗಾಳಿ ಇಲ್ಲದೆ ಸದ್ದಿಲ್ಲದೆ ಇಳಿಯುತ್ತದೆ. ಹೆಚ್ಚಾದ ಒಂದೆಳೆ ನೀರು ಎರಡನೇ ಪೈಪಿನಲ್ಲಿ ಹೋಗುತ್ತದೆ. ಆ ಎರಡನೇ ಪೈಪಿಗೆ ವಾಲ್ವ್ ಯಾವತ್ತೂ ಹಾಕಬಾರದು.

ಕೂದಲೆಳೆಯಷ್ಟು ಹೊಂದಿಸಲು, ಹಲವು ಸುತ್ತು ತಿರುಗಿಸಿ ಸ್ವಲ್ಪ ಸ್ವಲ್ಪವೇ ಮುಚ್ಚುವ ಗೇಟ್ ವಾಲ್ವ್ ಬೇಕು. ಅಂಗಡಿಯಲ್ಲಿ ಒಂದು ಇಂಚಿನ ಗೇಟ್ ವಾಲ್ವ್ ಇದ್ದದ್ದು ಹಿತ್ತಾಳೆಯದ್ದು ಮಾತ್ರ, 780 ರೂಪಾಯಿ. ತಂದು ಹಾಕಿದೆ. ಹತ್ತು ನಿಮಿಷದಲ್ಲಿ ಸದ್ದು ನಿಂತಿತು. ಬಹಳ ಖುಷಿಯಾಯಿತು.

ಹಳೆಯ ಎರಡು ಅಡಿ ತೊಟ್ಟಿಯ, ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಆಗಲೇ ಬೆಳೆದಿದ್ದ ಸ್ಪಂಜು ಇದಕ್ಕೆ ಹಾಕಿದ್ದರಿಂದ ನೀರು ಬೇಗ ಪಳಗಿತು. ಮೇ 26ಕ್ಕೆ ಮೀನು ಬಿಟ್ಟೆ, ಹಳೆಯ ತೊಟ್ಟಿಯಿಂದ ಇಪ್ಪತ್ತು ಸಿಗಡಿಗಳನ್ನು ಕೆಳಗಿನ ತೊಟ್ಟಿಯ ನಡುಕೋಣೆಗೆ ಬಿಟ್ಟೆ. ಹತ್ತು ಹನ್ನೆರಡು ಹಳೆಯದರಲ್ಲೇ ಉಳಿದವು.

ಜೂನ್ 8ರಿಂದ 22: ಸಿಗಡಿಗಳು

ಮೊದಲು ಒಂದೆರಡು ಸಿಗಡಿ ನೀರಿನ ತುಂಬ ಸುಮ್ನೆ ಸುತ್ತಾಡತೊಡಗಿದವು. ಸಿಗಡಿ ಸಾಮಾನ್ಯವಾಗಿ ಒಂದೇ ಕಡೆ ಕೂತು ಎಲೆ ಕೆರೆಯುತ್ತಾ ಇರುತ್ತದೆ, ಹೀಗೆ ಅಲೆಯುವುದಿಲ್ಲ. ಮರುದಿನ ಅವು ಒಂದು ಮಗ್ಗುಲಿಗೆ ಬಿದ್ದು ಕಾಲು ಮಾತ್ರ ಆಡಿಸುತ್ತಿದ್ದವು. ಕೆಂಪು ಬಣ್ಣ ಹೋಗಿ ಬೆಳ್ಳಗಾದವು. ಹದಿಮೂರನೇ ತಾರೀಕಿಗೆ ಒಂದೂ ಉಳಿಯಲಿಲ್ಲ. ಆ ತಳಿ ನನ್ನಲ್ಲಿ ಒಂದು ವರ್ಷದಿಂದ ಮರಿ ಹಾಕುತ್ತಾ ಬಂದಿತ್ತು. ತುಂಬಾ ಬೇಸರವಾಯಿತು.

ನನ್ನ ಮೊದಲ ಅನುಮಾನ ಮದ್ದಿನ ಮೇಲೆ. ಅದೇ ವಾರ ತೋಟದ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಟ್ಟಿದ್ದರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರ, ಸಿಗಡಿಗೆ ತಾಮ್ರ ಅಂದರೆ ವಿಷ. ತೊಟ್ಟಿಗೆ ನೀರು ತುಂಬಿದ ಹೋಸ್ ಎಲ್ಲಿಯಾದರೂ ಮದ್ದಿನ ಡ್ರಮ್ಮಿಗೆ ತಾಗಿರಬಹುದಾ ಅಂತ ಕೆಲಸದವರನ್ನೂ ಕೇಳಿದೆ, ಇಲ್ಲ ಅಂದರು. ಆಮೇಲೆ ಹೊಳೆಯಿತು: ಅದೇ ಹೋಸಿನ ನೀರು ಹಳೆಯ ತೊಟ್ಟಿಗೂ ಹೋಗುತ್ತದೆ. ಅಲ್ಲಿ ಉಳಿದ ಸಿಗಡಿಗಳು ಚೆನ್ನಾಗಿಯೇ ಇದ್ದವು.

ಎರಡು ತೊಟ್ಟಿಗೂ ಇರುವ ವ್ಯತ್ಯಾಸ ಒಂದೊಂದಾಗಿ ಬರೆದೆ. ಹೊಸ ಸಿಲಿಕೋನ್, ಹೊಸ ಪೈಪ್, ಹೆಂಚಿನ ಚೂರು, ಹಿತ್ತಾಳೆ ವಾಲ್ವ್. ವಾಲ್ವ್ ಬಿಚ್ಚಿ ನೋಡಿದೆ. ಒಳಗೆ ಗೇಟ್ ಇಳಿಯುವ ಸಂದಿನಲ್ಲಿ ತೆಳು ಹಸಿರು ಪುಡಿ ಕೂತಿತ್ತು. ಉಳಿದ ಕಡೆ ಲೋಹ ಹೊಸದಾಗಿ ತಿಕ್ಕಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಜೂನ್ 15ಕ್ಕೆ ಎರಡು ಬಕೆಟ್ ಇಟ್ಟೆ. ಎರಡರಲ್ಲೂ ಸುರಂಗದ ನೀರು ಹತ್ತು ಹತ್ತು ಲೀಟರ್. ಒಂದರಲ್ಲಿ ವಾಲ್ವ್ ಮುಳುಗಿಸಿದೆ. ಮಂಗಳೂರಿನಿಂದ ತಾಮ್ರ ನೋಡುವ ಟೆಸ್ಟ್ ಕಿಟ್ ತರಿಸಿದೆ. ಒಂದು ವಾರದ ಮೇಲೆ ವಾಲ್ವ್ ಇಲ್ಲದ ಬಕೆಟ್ಟಿನಲ್ಲಿ ತಾಮ್ರ ಸೊನ್ನೆ. ವಾಲ್ವ್ ಇದ್ದ ಬಕೆಟ್ಟಿನ ನೀರು ಬಣ್ಣದ ಕಾರ್ಡಿನಲ್ಲಿ 0.25ಕ್ಕೂ 0.5ಕ್ಕೂ ನಡುವೆ.

ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ಗಡಸು ನೀರಾದರೆ ಸುಣ್ಣದ ಪದರ ಕಟ್ಟಿ ಲೋಹವನ್ನು ಸ್ವಲ್ಪ ಮುಚ್ಚುತ್ತದೆ. ನಮ್ಮ ನೀರಿನಲ್ಲಿ ಆ ಸುಣ್ಣವೇ ಇಲ್ಲ, ಮೇಲಿಂದ ಹುಳಿ. ಅದು ಲೋಹವನ್ನು ಕರಗಿಸುತ್ತಾ ಹೋಗುತ್ತದೆ. ಮನೆಯ ನಲ್ಲಿಯಲ್ಲಾದರೆ ನೀರು ಒಂದು ಸಲ ಹಾದು ಹೋಗುತ್ತದೆ. ಇಲ್ಲಿ ಅದೇ ನೀರು ದಿನವಿಡೀ ಆ ವಾಲ್ವ್ ಮೂಲಕವೇ ಸುತ್ತುತ್ತದೆ. ಮೀನುಗಳಿಗೆ ಏನೂ ಆದ ಹಾಗೆ ಕಾಣಲಿಲ್ಲ, ಆದರೆ ಸಿಗಡಿಗೆ ಅಷ್ಟು ತಾಳುವ ಶಕ್ತಿ ಇಲ್ಲ. 6.2, 40 ಅಂತ ನಾನೇ ಬರೆದಿಟ್ಟ ಅಂಕಿಗಳಲ್ಲಿ ಇದು ಇತ್ತು.

ಸುರಂಗದ ನೀರು, ಮುರಕಲ್ಲಿನ ಬಾವಿಯ ನೀರು ಬಳಸುವವರು ದಯವಿಟ್ಟು ಗಮನಿಸಿ: ನೀರಿಗೆ ತಾಗುವ ಯಾವ ಜಾಗದಲ್ಲೂ ಹಿತ್ತಾಳೆ, ಗನ್‌ಮೆಟಲ್, ತಾಮ್ರ ಬೇಡ. ಫಿಟ್ಟಿಂಗಿನೊಳಗಿನ ಹಿತ್ತಾಳೆ ಉಂಗುರವೂ ಬೇಡ. ಮದ್ದು ಬಿಡುವ ಹಳೆ ಹೋಸ್ ಎಷ್ಟು ತೊಳೆದರೂ ಬೇಡ.

ಜೂನ್ 29: ಬಾಲ್ ವಾಲ್ವ್, ಅಡಿಕೆ ಸಲಾಕೆ

ಹಿತ್ತಾಳೆ ತೆಗೆದು ಯುಪಿವಿಸಿ ಬಾಲ್ ವಾಲ್ವ್ ಹಾಕಿದೆ, 210 ರೂಪಾಯಿ. ಇದರ ತೊಂದರೆ ಏನೆಂದರೆ ಕಾಲು ಸುತ್ತಿನಲ್ಲಿ ಪೂರ್ತಿ ಮುಚ್ಚಿಬಿಡುತ್ತದೆ, ಸಣ್ಣಗೆ ಹೊಂದಿಸುವುದು ಕಷ್ಟ. ಹಿಡಿಗೆ ಒಂದು ಅಡಿ ಉದ್ದದ ಅಡಿಕೆ ಸಲಾಕೆಯನ್ನು (ಅಡಿಕೆ ಮರದ ಸೀಳು) ಎರಡು ಕೇಬಲ್ ಟೈ ಹಾಕಿ ಕಟ್ಟಿದೆ. ಸಲಾಕೆಯ ತುದಿಯನ್ನು ಅರ್ಧ ಸೆಂಟಿಮೀಟರ್ ಸರಿಸಿದರೆ ಒಳಗಿನ ಬಾಲ್ ತಿರುಗುವುದು ಒಂದು ಡಿಗ್ರಿ. ಒಂದು ಸಲ ಸರಿಸಿ ಐದು ನಿಮಿಷ ಕಾದು ಪೆಟ್ಟಿಗೆಯ ನೀರಿನ ಮಟ್ಟ ನೋಡಿ ಮತ್ತೆ ಸರಿಸುವುದು. ಮುಕ್ಕಾಲು ಗಂಟೆ ಹಿಡಿಯಿತು. ಗೇಟ್ ವಾಲ್ವ್‌ನಷ್ಟೇ ನಿಶ್ಶಬ್ದ. ವಾಲ್ವಿನ ಎರಡೂ ಬದಿಗೆ ಯೂನಿಯನ್ ಇದ್ದದ್ದರಿಂದ ಬದಲಿಸಲು ಪೈಪ್ ಕೊಯ್ಯಬೇಕಾಗಲಿಲ್ಲ.

ಮುಖ್ಯ ವಾಲ್ವನ್ನು ಪೂರ್ತಿ ಮುಚ್ಚಿ, ಎರಡನೇ ಪೈಪ್ ಒಂದೇ ಪೂರ್ತಿ ನೀರು ಇಳಿಸುತ್ತದಾ ಅಂತ ನೋಡಿದೆ. ಇಳಿಸುತ್ತದೆ, ಸದ್ದು ಜೋರು ಅಷ್ಟೇ.

ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದೆ. ನೀರಿನ ಹುಳಿ ಇಳಿಯಲಿ ಅಂತ ಮರುವಾಯಿಯ (ಕಪ್ಪೆಚಿಪ್ಪಿನ) ಚಿಪ್ಪು ಕುದಿಸಿ ತೊಳೆದು, ಒಂದು ಕಿಲೋದಷ್ಟನ್ನು ಬಲೆ ಚೀಲದಲ್ಲಿ ಕಟ್ಟಿ ಸ್ಪಂಜಿನ ಪಕ್ಕ ಇಟ್ಟೆ. ಹತ್ತು ದಿನದಲ್ಲಿ ಪಿಎಚ್ 6.9ಕ್ಕೆ ಬಂತು.

ಜುಲೈ 9: ರಾತ್ರಿ ಕರೆಂಟು ಹೋದಾಗ

ಪಂಪ್ ನಿಂತರೆ ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ಅದಕ್ಕೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದ್ದೆ, 190 ರೂಪಾಯಿ. ಮೇ ತಿಂಗಳಲ್ಲಿ ಐದು ಸಲ ಪಂಪ್ ಆಫ್ ಮಾಡಿ ನೋಡಿದ್ದೆ, ಐದೂ ಸಲ ಹಿಡಿದಿತ್ತು. ಅದನ್ನು ನಂಬಿ, ಮೇಲಿನ ತೊಟ್ಟಿಯಲ್ಲಿ ಆ ಪೈಪಿನ ನೀರು ಬೀಳುವ ಬಾಯಿಯನ್ನು 14 ಸೆಂಮೀ ಆಳದಲ್ಲಿ ಇಟ್ಟಿದ್ದೆ.

ಮಳೆ ಗಾಳಿಗೆ ರಾತ್ರಿ ಎರಡಕ್ಕೋ ಏನೋ ಕರೆಂಟು ಹೋಗಿದೆ. ಬೆಳಿಗ್ಗೆ ಅಮ್ಮ ಚಾವಡಿಗೆ ಕಾಲಿಟ್ಟರೆ ನೀರು. ನುಣುಪು ಕಾವಿ ನೆಲ, ಜಾರಿ ಬೀಳಲಿಲ್ಲ ಅನ್ನುವುದೇ ದೊಡ್ಡದು. ಎನ್‌ಆರ್‌ವಿ ಬಿಚ್ಚಿದರೆ ಒಂದು ಸಣ್ಣ ಶಂಖದ ಹುಳ ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಸುತ್ತ ಲೋಳೆ.

ಲೆಕ್ಕ ಮೊದಲೇ ಮಾಡಬೇಕಿತ್ತು. ಮೇಲಿನ ತೊಟ್ಟಿಯಲ್ಲಿ ಒಂದು ಸೆಂಮೀ ನೀರು ಅಂದರೆ 5 ಲೀಟರಿಗಿಂತ ಸ್ವಲ್ಪ ಜಾಸ್ತಿ. 14 ಸೆಂಮೀ ಅಂದರೆ 70 ಲೀಟರ್. ಕೆಳಗಿನ ತೊಟ್ಟಿಯಲ್ಲಿ ಖಾಲಿ ಇದ್ದ ಜಾಗ 38 ಲೀಟರ್. ಉಳಿದದ್ದು ನೆಲಕ್ಕೆ.

ಎನ್‌ಆರ್‌ವಿ ತೆಗೆದೇ ಹಾಕಿದೆ. ಬಾಯಿಯನ್ನು ನೀರಿನ ಮಟ್ಟದಿಂದ 2 ಸೆಂಮೀ ಕೆಳಗೆ ತಂದೆ. ಅದಕ್ಕೂ ಮೇಲೆ, ನೀರಿನ ಮಟ್ಟದ ಸ್ವಲ್ಪವೇ ಅಡಿಗೆ, ಪೈಪಿಗೆ 4 ಮಿಮೀ ತೂತು ಹಾಕಿದೆ. ನೀರು ಆ ಮಟ್ಟಕ್ಕೆ ಇಳಿದ ಕೂಡಲೇ ಗಾಳಿ ಒಳಗೆ ಹೋಗಿ ಹರಿವು ತುಂಡಾಗುತ್ತದೆ. ತೂತು ಪಾಚಿಯಿಂದ ಮುಚ್ಚಿದರೂ ಹೆಚ್ಚೆಂದರೆ ಹತ್ತು ಹನ್ನೊಂದು ಲೀಟರ್, ಪೆಟ್ಟಿಗೆ ಮತ್ತು ಪೈಪಿನಲ್ಲಿ ಇರುವುದು ಸೇರಿ 18 ದಾಟುವುದಿಲ್ಲ. ಈಗ ಪ್ರತಿ ಭಾನುವಾರ ಹಲ್ಲುಕಡ್ಡಿಯಿಂದ ಆ ತೂತು ಬಿಡಿಸುತ್ತೇನೆ.

ಆಗಸ್ಟ್ 4: ಖರ್ಚು ಮತ್ತು ಈಗಿನ ಸ್ಥಿತಿ

ಕೊನೆಗೆ ಉಪಯೋಗಕ್ಕೆ ಬಂದ ಸಾಮಾನಿನ ಲೆಕ್ಕ: ಡೈಮಂಡ್ ಬಿಟ್ 380, ಕನೆಕ್ಟರ್ ಎರಡು 240, ಒಂದು ಇಂಚಿನ ಪೈಪ್ ಮೂರು ಮೀಟರ್ 310, ಮುಕ್ಕಾಲಿನದು 210, ಎಲ್ಬೋ ಮತ್ತು ಟೀ ಜಾಯಿಂಟ್ 240, ಯೂನಿಯನ್ ಮೂರು 285, ಬಾಲ್ ವಾಲ್ವ್ 210, ಸಾಲ್ವೆಂಟ್ 90, ಟೆಫ್ಲಾನ್ 40, ಸಿಲಿಕೋನ್ 250. ಒಟ್ಟು 2,255 ರೂಪಾಯಿ. ಪಂಪ್ ಬೇರೆ, 2,600. ತಪ್ಪಿ ತಂದದ್ದು: ಅಳತೆ ಕೂಡದ ಫಿಟ್ಟಿಂಗ್ 260, ಅರ್ಧ ಇಂಚಿನ ಪೈಪ್ ಸಾಮಾನು 140, ಹಿತ್ತಾಳೆ ವಾಲ್ವ್ 780, ಎನ್‌ಆರ್‌ವಿ 190. ಅದು 1,370. ಹಿತ್ತಾಳೆ ವಾಲ್ವ್ ಈಗ ತೋಟದ ಪೈಪ್‌ಲೈನಿಗೆ ಹೋಗಿದೆ, ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ.

ಹಳೆಯ ತೊಟ್ಟಿಯಿಂದ ಮೊದಲು ಮೂರು ಸಿಗಡಿ ಮಾತ್ರ ತಂದು ಜುಲೈ 20ಕ್ಕೆ ಬಿಟ್ಟೆ. ತಾಮ್ರದ ಟೆಸ್ಟ್ ಸೊನ್ನೆ ಬಂದ ಮೇಲೆಯೇ. ಎರಡು ವಾರ ಕಳೆದಿದೆ, ಮೂರೂ ಹೆಂಚಿನ ಚೂರಿನ ಮೇಲೆ ಕೂತು ಕೆರೆಯುತ್ತಾ ಇವೆ. ಒಂದು ಚಿಪ್ಪು ಕಳಚಿದೆ. ಇನ್ನು ಐದು ತರುವುದು ಮುಂದಿನ ವಾರ. ಪಂಪಿನ ಕಡೆಯ ಮೆತ್ತನೆ ಹೋಸಿಗೆ ಹಾಕಿದ ಕ್ಲಿಪ್ ಕಬ್ಬಿಣದ್ದು, ನೀರಿನ ಮೇಲಿದ್ದರೂ ಆಗಲೇ ತುಕ್ಕು ಹಿಡಿದಿದೆ. ಅದಕ್ಕೆ ಪ್ಲಾಸ್ಟಿಕ್ ಕ್ಲಿಪ್ ಹುಡುಕುತ್ತಿದ್ದೇನೆ.